ಹಳೇ ಎಲ್‌ಪಿಯಿಂದ ಡಿಸ್ಕಿಗೆ, ದನಿ ಕೆಡದಂತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಅಟ್ಟದ ಮೇಲೋ ಟ್ರಂಕಿನಲ್ಲೋ ರೆಕಾರ್ಡ್ ಇಟ್ಟುಕೊಂಡ ಮಂದಿ ಇನ್ನೂ ಬೇಕಾದಷ್ಟಿದ್ದಾರೆ. ಅವನ್ನು ಡಿಸ್ಕಿಗೆ, ಅಂದರೆ ಸಿಡಿ, ಡಿವಿಡಿ, ಬ್ಲೂ-ರೇಗೆ ಹಾಕುವ ಬಗ್ಗೆ ಫೋನಿನಲ್ಲಿ, ಪತ್ರದಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಜನ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಕೊನೆಗೆ.

## ಶುರು ಮಾಡುವ ಮುಂಚೆ

ಅಜ್ಜಾರ ಕಾಲದ ಎಲ್‌ಪಿ ಒಂದ್ ಟ್ರಂಕ್ ತುಂಬ ಅದಾವ್ರಿ. ಡಿಸ್ಕಿಗೆ ಹಾಕಿದ್ರ ದನಿ ಕೆಡತದೇನ್ರಿ?

ಡಿಸ್ಕಿನಿಂದ ಕೆಡುವುದಿಲ್ಲ. ಅದು ಬರೀ ಅಂಕಿ ಹಿಡಿದಿಡುವ ತಟ್ಟೆ, ಕೊಟ್ಟಿದ್ದನ್ನು ಹಾಗೇ ವಾಪಸ್ ಕೊಡುತ್ತದೆ. ದನಿ ಕೆಡುವುದು ಡಿಸ್ಕಿಗೆ ಹೋಗುವ ದಾರಿಯಲ್ಲಿ. ಸವೆದ ಸೂಜಿ, ಕೊಳೆ ತುಂಬಿದ ಗೆರೆ, ತಪ್ಪು ತೂತಿಗೆ ಚುಚ್ಚಿದ ವೈರು, ಇವು ಕಣ್ಣಿಗೆ ಕಾಣುವ ಕಾರಣಗಳು. ಕಾಣದವು ಇನ್ನೂ ಮೂರಿವೆ. ವಿಂಡೋಸ್ ನಿಮ್ಮನ್ನು ಕೇಳದೆ ದನಿಯನ್ನು ಒಮ್ಮೆ ಬದಲಿಸುತ್ತದೆ, ಡಿವಿಡಿ ಮಾಡುವ ಪ್ರೋಗ್ರಾಮ್ ಇನ್ನೊಮ್ಮೆ ಬದಲಿಸುತ್ತದೆ, ಕೊನೆಗೆ ಪ್ಲೇಯರ್ ಕೂಡ ಕೈ ಆಡಿಸುತ್ತದೆ. ಈ ಮೂವರನ್ನು ಸುಮ್ಮನಿರಿಸಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ರೆಕಾರ್ಡ್ ಮಾಡಿದ ಮೂಲ ಫೈಲನ್ನು ಎಂದೂ ತಿದ್ದಬೇಡಿ. ತಿದ್ದುವುದು, ಕತ್ತರಿಸುವುದು, ಡಿಸ್ಕಿಗೆ ಹಾಕುವುದು ಎಲ್ಲ ಅದರ ಪ್ರತಿಯಿಂದ.

24/96 ಅಂತಾರಲ್ಲ, ಏನ್ ಹಂಗಂದ್ರ?

ಎರಡನೇ ಅಂಕಿ, ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೇವೆ ಅನ್ನುವುದು: 96 ಕಿಲೋಹರ್ಟ್ಸ್ ಅಂದರೆ 96,000 ಸಲ. ಮೊದಲನೆಯದು, ಪ್ರತಿ ಸಲ ಎಷ್ಟು ಸೂಕ್ಷ್ಮವಾಗಿ ಅಳೆಯುತ್ತೇವೆ ಅನ್ನುವುದು: 24 ಬಿಟ್. ಒಂದು ಬಿಟ್ ಜಾಸ್ತಿಯಾದರೆ ಸುಮಾರು 6 ಡೆಸಿಬಲ್ ಜಾಗ ಸಿಗುತ್ತದೆ. 1982ರಲ್ಲಿ ಬಂದ ಸಿಡಿ 16 ಬಿಟ್, 44.1 ಕಿಲೋಹರ್ಟ್ಸ್. ಅದರಲ್ಲಿ ಅತಿ ಸಣ್ಣ ದನಿಗೂ ಅತಿ ದೊಡ್ಡ ದನಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರ ಹಿಡಿಸುತ್ತದೆ. 24 ಬಿಟ್ಟಿನಲ್ಲಿ ಲೆಕ್ಕದ ಪ್ರಕಾರ 144.

ಎಲ್‌ಪಿಯೊಳಗ ಅಷ್ಟೆಲ್ಲಾ ಇರೂದಿಲ್ಲ, ಮನುಷ್ಯಾರ ಕಿವಿಗೂ 20,000 ಹರ್ಟ್ಸ್ ಮ್ಯಾಲ ಕೇಳೂದಿಲ್ಲ. ಮತ್ಯಾಕ್ರಿ 24/96?

ಸರಿಯಾದ ಪ್ರಶ್ನೆ. ಚೆನ್ನಾಗಿರುವ ಎಲ್‌ಪಿಯಲ್ಲೂ ದನಿಯ ಅಂತರ ಸುಮಾರು 60–70 ಡೆಸಿಬಲ್ ಅಷ್ಟೇ. ಕೇಳುವುದಕ್ಕೆ ಮಾತ್ರ ಆದರೆ 16 ಬಿಟ್ ಸಾಕು. 24 ಬಿಟ್ ಬೇಕಾಗುವುದು ಕೆಲಸಕ್ಕೆ. ರೆಕಾರ್ಡ್ ಮಾಡುವಾಗ ಲೆವೆಲ್ ಕೆಳಗಿಟ್ಟು ಮೇಲೆ ಧಾರಾಳ ಜಾಗ ಬಿಡಬಹುದು, ಆಮೇಲೆ ಏರಿಸಿದರೂ ಏನೂ ಹೋಗುವುದಿಲ್ಲ.

96ರ ಲಾಭ ಬೇರೆ. ಗೀರಿನ ಚಟ್ ಚಟ್ ಸದ್ದು ತುಂಬ ಚೂಪು, ಅದರಲ್ಲಿ 20,000ದ ಮೇಲಿನ ಕಂಪನವೂ ಇರುತ್ತದೆ. 96ರಲ್ಲಿ ಹಿಡಿದರೆ ಅದು ಅಗಲವಿಲ್ಲದ ಮೊಳೆಯಂತೆ ಎದ್ದು ಕಾಣುತ್ತದೆ. ಸಾಫ್ಟ್‌ವೇರ್‌ಗೆ ಇದು ಗೀರು, ಇದು ತಬಲಾ ಅಂತ ಬೇರೆ ಮಾಡುವುದು ಸುಲಭವಾಗುತ್ತದೆ. 192ಕ್ಕೆ ಹೋದರೆ ಫೈಲ್ ಎರಡು ಪಟ್ಟು ದೊಡ್ಡದಾಗುತ್ತದೆ. ಅದರಿಂದ ಸಿಗುವ ಲಾಭ ನನ್ನ ಕಿವಿಗಂತೂ ಕೇಳಿಲ್ಲ.

ನಮ್ಮವು ವಿನೈಲ್ ಏನು, ಹಳೇ ಅರಗಿನ ಪ್ಲೇಟ್ ಏನು? ಹೆಂಗ ತಿಳ್ಕೊಳ್ಳೂದು?

ಕೈಯಲ್ಲಿ ಹಿಡಿದು ನೋಡಿ. ವಿನೈಲ್ ಹಗುರ, ಸ್ವಲ್ಪ ಬಾಗುತ್ತದೆ. ಲೇಬಲ್ಲಿನ ಮೇಲೆ 33⅓ ಅಥವಾ 45 ಅಂತ ಇರುತ್ತದೆ, ಅದು ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. ಅರಗು, ಕಲ್ಲಿನ ಪುಡಿ ಕಲೆಸಿ ಮಾಡಿದ ಹಳೇ ತಟ್ಟೆ ಭಾರ. ಬಾಗುವುದಿಲ್ಲ, ಬಿದ್ದರೆ ಗಾಜಿನಂತೆ ಒಡೆಯುತ್ತದೆ. ಅದು ಓಡುವುದು 78ರ ವೇಗದಲ್ಲಿ, ಹತ್ತು ಇಂಚಿನದಾದರೆ ಒಂದು ಬದಿಗೆ ಮೂರು ನಿಮಿಷದ ಆಸುಪಾಸು.

ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ 1940ರ ದಶಕದಲ್ಲಿ ಹಾಡಿದ್ದು ಮನೆಯಲ್ಲಿ ಅದೇ ಕಾಲದ ತಟ್ಟೆಯಾಗಿ ಇದ್ದರೆ ಅದು ಅರಗಿನದು. ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ದೊಡ್ಡ ಖ್ಯಾಲ್‌ಗಳಿರುವ ಎಲ್‌ಪಿ ವಿನೈಲ್. ಎರಡಕ್ಕೂ ಒಂದೇ ಸೂಜಿ ನಡೆಯುವುದಿಲ್ಲ. ಎಲ್‌ಪಿ ಸೂಜಿಯ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ರದ್ದು ಸುಮಾರು 75. ಸಣ್ಣ ಸೂಜಿಯನ್ನು ಅಗಲ ಗೆರೆಯಲ್ಲಿ ಬಿಟ್ಟರೆ ಅದು ತಳದ ಕಸದಲ್ಲಿ ತೆವಳುತ್ತದೆ. ಇನ್ನು ಚಾವಿ ಕೊಡುವ ಗ್ರಾಮಫೋನಿನಲ್ಲಿ ಎಲ್‌ಪಿ ಹಾಕಲೇಬೇಡಿ. ಅದರ ಉಕ್ಕಿನ ಮುಳ್ಳಿನ ಮೇಲೆ ನೂರು ಗ್ರಾಂ ಮೀರಿದ ಭಾರ ಕೂತಿರುತ್ತದೆ, ವಿನೈಲ್ ಒಂದೇ ಸಲಕ್ಕೆ ಹಾಳು.

ತೊಳೀಬಹುದೇನ್ರಿ? ನಮ್ಮಲ್ಲಿ ಬೋರ್ ನೀರು.

ತೊಳೆಯಲೇಬೇಕು. ಬೋರ್ ನೀರಿನಲ್ಲಿ ಮಾತ್ರ ಬೇಡ. ವಿಜಯಪುರದ ಕಡೆಯ ಸವಳು ನೀರು ಒಣಗಿದ ಮೇಲೆ ಬಿಂದಿಗೆಯ ಮೇಲೆ ಬಿಳಿ ಕಲೆ ಬಿಡುತ್ತದಲ್ಲ, ಅದೇ ಉಪ್ಪು ಗೆರೆಯೊಳಗೂ ಕೂರುತ್ತದೆ. ಸೂಜಿ ಅದನ್ನು ಚಟಪಟ ಅಂತ ಓದುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ. ಮೆತ್ತನೆಯ ಬಟ್ಟೆ ಅಥವಾ ಬ್ರಶ್ಶಿನಿಂದ ಗೆರೆಯ ಗುಂಟ ಸುತ್ತಿಸಿ ಒರೆಸಿ, ಅಡ್ಡ ಉಜ್ಜಬೇಡಿ. ಕೊನೆಗೆ ಬರೀ ಡಿಸ್ಟಿಲ್ಡ್ ನೀರು ಬಿಟ್ಟು ನೆರಳಲ್ಲಿ ನಿಲ್ಲಿಸಿ. ಲೇಬಲ್ ತೊಯ್ಯಬಾರದು.

ಬೆಳಗಾವಿಯ ಮಳೆಗಾಲದಲ್ಲಿ ಬೂಸಲು ಹಿಡಿದ ಎಲ್‌ಪಿಗೆ ನೀರಿನ ಜೊತೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸುವವರಿದ್ದಾರೆ. ವಿನೈಲಿಗೆ ನಡೆಯುತ್ತದೆ. ಅರಗಿನ ತಟ್ಟೆಗೆ ಅದನ್ನು ಮುಟ್ಟಿಸಬೇಡಿ, ಆಲ್ಕೋಹಾಲಿನಲ್ಲಿ ಅರಗು ಕರಗುತ್ತದೆ.

## ರೆಕಾರ್ಡ್ ಮಾಡುವಾಗ

ಮನ್ಯಾಗ ಹಳೇ ಎಚ್‌ಎಂವಿ ಫಿಯೆಸ್ಟಾ ಐತಿ. ಅದರಿಂದನ ಮಾಡಿದ್ರ ನಡಿಯೂದಿಲ್ಲೇನು?

ನಾಲ್ಕು ಮಂದಿ ಕೂತು ಕೇಳಲು ಅದು ಚಂದ. ಡಿಸ್ಕಿಗೆ ಹಾಕಲು ಬೇಡ. ಅಂಥ ಪೆಟ್ಟಿಗೆ ಪ್ಲೇಯರುಗಳಲ್ಲಿ ಇರುವುದು ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಹಿಡಿದಿರುವ ತಲೆ), ಗೆರೆಯ ಮೇಲೆ ಜಾಸ್ತಿ ಭಾರ ಹಾಕುತ್ತದೆ. ಮೋಟರಿನ ಗುಡುಗುಡು ಕೂಡ ದನಿಯಲ್ಲಿ ಸೇರುತ್ತದೆ.

ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಇರುವ ಟರ್ನ್‌ಟೇಬಲ್ ಹುಡುಕಿ, ಎರವಲು ತಂದರೂ ಸರಿ. ಭಾರ ಒಂದೂವರೆಯಿಂದ ಎರಡು ಗ್ರಾಂ ಆಸುಪಾಸು ಇರುತ್ತದೆ. ಕಂಪನಿ ಹೇಳಿದಷ್ಟೇ ಇಡಿ. ಕಡಿಮೆ ಇಟ್ಟರೆ ತಟ್ಟೆಗೆ ಒಳ್ಳೆಯದು ಅನ್ನುವುದು ಸುಳ್ಳು. ಹಗುರವಾದ ಸೂಜಿ ಗೆರೆಯೊಳಗೆ ಕುಣಿದು ಗೋಡೆಗೆ ಬಡಿಯುತ್ತದೆ. ದುಡ್ಡು ಒಂದೇ ಕಡೆ ಹಾಕಲು ಆಗುವುದಾದರೆ ಹೊಸ ಸೂಜಿಗೆ ಹಾಕಿ. ಹಳೇ ಸೂಜಿಯಲ್ಲಿ 24/96 ಮಾಡಿದರೆ ಸವೆತವನ್ನೇ ಚೆನ್ನಾಗಿ ಹಿಡಿದಂತಾಗುತ್ತದೆ.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರ್ ಚುಚ್ಚಿದೆ. ಸೌಂಡ್ ಬಂತು, ಆದ್ರ ಒಡೆದ ಡಬ್ಬಿ ಬಡದಂಗ ಐತಿ. ಯಾಕ?

ಮೈಕ್ ತೂತು ಸಾಮಾನ್ಯವಾಗಿ ಮೊನೊ (ಎಡ ಬಲ ಬೇರೆಯಿಲ್ಲದ ಒಂದೇ ದನಿ), ಜೊತೆಗೆ ಸಣ್ಣ ದನಿಯನ್ನು ಜೋರು ಮಾಡುವ ಸರ್ಕ್ಯೂಟ್ ಅದಕ್ಕೆ ಅಂಟಿಕೊಂಡಿರುತ್ತದೆ. ದೊಡ್ಡ ದನಿ ಬಂದರೆ ಒಡೆಯುತ್ತದೆ.

ಸರಿಯಾದ ದಾರಿ ಹೀಗೆ. ಕಾರ್ಟ್ರಿಜ್‌ನಿಂದ ಬರುವುದು ನಾಲ್ಕೈದು ಮಿಲಿವೋಲ್ಟ್ ಮಾತ್ರ. ಅದನ್ನು ಏರಿಸಲು ಫೋನೋ ಪ್ರೀಆಂಪ್ ಬೇಕು. ಏರಿಸುವುದರ ಜೊತೆಗೆ ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಎಲ್‌ಪಿ ಕೆತ್ತುವಾಗ ಬೇಸ್ ಇಳಿಸಿ ಟ್ರೆಬಲ್ ಏರಿಸಿರುತ್ತಾರೆ, ಅದನ್ನು ತಿರುಗಾಮುರುಗಾ ಮಾಡಿ ಸಮ ಮಾಡುತ್ತದೆ. 1954ರಿಂದ ಇದಕ್ಕೆ ಆರ್‌ಐಎಎ ಅನ್ನುವ ಒಂದೇ ಅಳತೆ ಇದೆ. ಪ್ರೀಆಂಪಿನಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್‌ನ (ದನಿಯನ್ನು ಅಂಕಿಯಾಗಿಸುವ ಡಬ್ಬಿ) ಲೈನ್ ಇನ್‌ಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಮನೆಯಲ್ಲಿ ಹಳೇ ಆಂಪ್ಲಿಫೈಯರ್ ಇದ್ದು ಅದಕ್ಕೆ ಫೋನೋ ಇನ್‌ಪುಟ್ ಇದ್ದರೆ ಬೇರೆ ಪ್ರೀಆಂಪ್ ಬೇಡ. ಅದರ ‘ಟೇಪ್ ಔಟ್’ನಿಂದ ತೆಗೆದುಕೊಳ್ಳಿ. ಸ್ಪೀಕರಿನ ವೈರಿನಿಂದ ಬೇಡ, ಇಂಟರ್‌ಫೇಸ್ ಸುಟ್ಟೀತು.

ಕೊಳ್ಳುವ ಮುಂಚೆ ಡಬ್ಬಿಯ ಮೇಲೆ ಓದಿ. ಅಗ್ಗದ ಯುಎಸ್‌ಬಿ ಟರ್ನ್‌ಟೇಬಲ್‌ಗಳು, ಸಣ್ಣ ಯುಎಸ್‌ಬಿ ಡಬ್ಬಿಗಳು ಎಷ್ಟೋ ಸಲ 16 ಬಿಟ್, 48 ಕಿಲೋಹರ್ಟ್ಸ್ ತನಕ ಮಾತ್ರ. ಕಂಪ್ಯೂಟರ್ ಅದನ್ನೂ 24/96 ಫೈಲಾಗಿ ಉಳಿಸಿಕೊಡುತ್ತದೆ, ಬೇಡ ಅನ್ನುವುದಿಲ್ಲ. ಒಳಗಿರುವುದು ಮಾತ್ರ ಮೊದಲಿನಷ್ಟೇ.

ಯಾವ ಸಾಫ್ಟ್‌ವೇರ್? ಸೆಟ್ಟಿಂಗ್ ಏನೇನು?

ಆಡಾಸಿಟಿ ಸಾಕು, ದುಡ್ಡು ಕೊಡಬೇಕಿಲ್ಲ. ವಿಂಡೋಸಿನಲ್ಲಿ ಅದರ ಆಡಿಯೋ ಹೋಸ್ಟ್ (ವಿಂಡೋಸಿನಿಂದ ದನಿ ತೆಗೆದುಕೊಳ್ಳುವ ದಾರಿ) ಮೊದಲೇ ‘ಎಂಎಂಇ’ (MME) ಅಂತ ಇರುತ್ತದೆ. ಅದನ್ನು ‘ವಾಸಾಪಿ’ಗೆ (WASAPI) ಬದಲಿಸಿ, ಇಲ್ಲದಿದ್ದರೆ 24 ಬಿಟ್ ಸಿಗುವುದಿಲ್ಲ. ಪ್ರಾಜೆಕ್ಟ್ ರೇಟ್ 96000, ಸ್ಯಾಂಪಲ್ ಫಾರ್ಮ್ಯಾಟ್ 32 ಬಿಟ್ ಫ್ಲೋಟ್. ಇಷ್ಟಕ್ಕೇ ನಿಲ್ಲಬೇಡಿ. ವಿಂಡೋಸಿನ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆಗೆದು, ರೆಕಾರ್ಡಿಂಗ್ ಸಾಧನದ ‘ಅಡ್ವಾನ್ಸ್ಡ್’ ಪುಟದಲ್ಲೂ 24 ಬಿಟ್, 96000 ಆರಿಸಿ. ಅಲ್ಲಿ 48000 ಉಳಿದಿದ್ದರೆ ವಿಂಡೋಸ್ ಮೊದಲು 48ಕ್ಕೆ ಇಳಿಸಿ ಆಮೇಲೆ 96ಕ್ಕೆ ಹಿಗ್ಗಿಸಿ ಕೊಡುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ‘ಎನ್‌ಹಾನ್ಸ್‌ಮೆಂಟ್ಸ್’ ಅಂತ ಏನಿದ್ದರೂ ಆಫ್ ಮಾಡಿ.

ಮುಗಿದ ಮೇಲೆ ಪೂರಾ ಬದಿಯನ್ನು ಒಂದೇ ಫೈಲಾಗಿ 24 ಬಿಟ್ ವೇವ್ ಅಥವಾ ಫ್ಲ್ಯಾಕ್‌ನಲ್ಲಿ ಉಳಿಸಿ. ಫ್ಲ್ಯಾಕ್ ಜಾಗ ಉಳಿಸುತ್ತದೆ, ದನಿಯಿಂದ ಒಂದು ಬಿಟ್ ಕೂಡ ತೆಗೆಯುವುದಿಲ್ಲ.

ಲೆವೆಲ್ ಎಷ್ಟು ಇಡೂದು? ಕೆಂಪು ಹತ್ತತೈತಿ.

ಕೆಂಪು ಹತ್ತಬಾರದು. ಡಿಜಿಟಲ್‌ನಲ್ಲಿ ಸೊನ್ನೆ ಅಂದರೆ ಗೋಡೆ, ಅದಕ್ಕೆ ತಾಗಿದ ದನಿಯ ತಲೆ ಹಾರುತ್ತದೆ. ತಟ್ಟೆಯಲ್ಲಿ ಅತಿ ಜೋರಿನ ಭಾಗ ಹುಡುಕಿ. ಖ್ಯಾಲ್ ಆದರೆ ಕೊನೆಯ ದ್ರುತ್ (ವೇಗದ) ತಾನುಗಳು, ನಾಟಕದ ಹಾಡಾದರೆ ಪೇಟಿ ತಬಲಾ ಒಟ್ಟಿಗೆ ಏಳುವ ಜಾಗ. ಅಲ್ಲಿ ಮೀಟರ್ ಮೈನಸ್ 6ರಿಂದ ಮೈನಸ್ 10ರ ನಡುವೆ ನಿಲ್ಲಲಿ. ಒಂದು ಎಲ್‌ಪಿಯ ಎರಡೂ ಬದಿಗೆ ಒಂದೇ ಲೆವೆಲ್. ಒಂದು ದೊಡ್ಡ ಗೀರು ಮಾತ್ರ ಕೆಂಪಿಗೆ ಹೋದರೆ ಹೋಗಲಿ ಬಿಡಿ, ಅದನ್ನು ಹೇಗೂ ತೆಗೆಯುತ್ತೀರಿ.

ಒಂದೇ ಸಮನ ಗುಂಯ್ ಅಂತೈತ್ರಿ.

ಅದು ಕರೆಂಟಿನ 50 ಹರ್ಟ್ಸ್. ಮೊದಲು ಟರ್ನ್‌ಟೇಬಲ್‌ನಿಂದ ಬರುವ ಸಣ್ಣ ಅರ್ತ್ ವೈರನ್ನು ಪ್ರೀಆಂಪಿನ ತಿರುಪಿಗೆ ಬಿಗಿಯಿರಿ. ಆಮೇಲೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ. ಎಷ್ಟೋ ಮನೆಯಲ್ಲಿ ಇಷ್ಟಕ್ಕೇ ನಿಂತುಬಿಡುತ್ತದೆ. ನಿಲ್ಲದಿದ್ದರೆ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಮನೆಯ ಅರ್ತಿಂಗೇ ಸರಿಯಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಅದು ಹಾಡಿಗಿಂತ ದೊಡ್ಡ ವಿಷಯ.

ತಟ್ಟಿ ಸರಿಯಾದ ಸ್ಪೀಡಿನ್ಯಾಗ ತಿರಗತೈತೋ ಇಲ್ಲೋ ಹೆಂಗ ನೋಡೂದು?

ಸ್ಟ್ರೋಬ್ ತಟ್ಟೆಯಿಂದ. ಕಾಗದದ ಮೇಲೆ ವೃತ್ತ ಬರೆದು ಸಮ ಅಂತರದಲ್ಲಿ 180 ಕಪ್ಪು ಪಟ್ಟಿ ಹಾಕಿರುತ್ತಾರೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ವೇಗ ಸರಿಯಾಗಿ 33⅓ ಇದ್ದರೆ ಆ ಬೆಳಕಿನಲ್ಲಿ ಪಟ್ಟಿಗಳು ನಿಂತಂತೆ ಕಾಣುತ್ತವೆ. ಮುಂದೆ ಜಾರಿದರೆ ವೇಗ ಜಾಸ್ತಿ, ಹಿಂದೆ ಜಾರಿದರೆ ಕಡಿಮೆ. 78ಕ್ಕೆ 77 ಪಟ್ಟಿ. ಈಗಿನ ಎಷ್ಟೋ ಎಲ್‌ಇಡಿ ಬಲ್ಬು ಹೀಗೆ ಮಿನುಗುವುದಿಲ್ಲ, ಹಾಗಾಗಿ ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಕೆಳಗೆ ಇಟ್ಟು ನೋಡಿ. ಅಮೆರಿಕದ ಸ್ಟ್ರೋಬ್ ತಟ್ಟೆ 60 ಹರ್ಟ್ಸಿನ ಲೆಕ್ಕದ್ದು, ಇಲ್ಲಿ ಅದು ಸುಳ್ಳು ಹೇಳುತ್ತದೆ.

ಹಾಡು ಶುರು ಆಗೂಕಿಂತ ಮೊದಲ ಅದೇ ಹಾಡು ಸಣ್ಣಗ ಕೇಳತದ. ನಮ್ಮ ಮಷೀನ್ ಕೆಟ್ಟದೇನು?

ಮಷೀನ್ ಸರಿ ಇದೆ. ಗೋಲಗುಮ್ಮಟದಲ್ಲಿ ಕೂಗಿದ ಮೇಲೆ ಪ್ರತಿಧ್ವನಿ ಬರುತ್ತದೆ, ಎಲ್‌ಪಿಯಲ್ಲಿ ಕೂಗುವ ಮುಂಚೆಯೇ ಬರುತ್ತದೆ. ಒಂದು ಗೆರೆ ಕೆತ್ತುವಾಗ ಪಕ್ಕದ ಗೆರೆಯ ಗೋಡೆಯೂ ಸ್ವಲ್ಪ ಅದುರಿ ಅಚ್ಚಾಗಿರುತ್ತದೆ. 33⅓ರಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ಆ ಪಿಸುದನಿ ಅಷ್ಟೇ ಮುಂಚೆ ಕೇಳಿದರೆ ಕಾರಣ ಇದೇ. ಮೂಲ ಟೇಪಿನ ಪದರಗಳು ಒಂದಕ್ಕೊಂದು ತಾಗಿಯೂ ಹೀಗಾಗುತ್ತದೆ. ತಟ್ಟೆಯಲ್ಲೇ ಇರುವುದು, ಇರಲಿ ಬಿಡಿ.

## ಸ್ವಚ್ಛ ಮಾಡುವಾಗ

ನಾಯ್ಸ್ ರಿಡಕ್ಷನ್ ಹಾಕಿದೆ. ಗಜಿಬಿಜಿ ಹೋತು, ಆದ್ರ ಹಾಡು ನೀರಾಗ ಮುಣಗಿದಂಗ ಆತು.

ಅದು ನಿಮ್ಮ ತಾನಪುರಾ ತಿಂದಿದೆ. ನಾಯ್ಸ್ ರಿಡಕ್ಷನ್‌ಗೆ ಒಂದು ಸಣ್ಣ ತುಣುಕು ಕೊಟ್ಟು ‘ಇದು ಗದ್ದಲ, ತೆಗಿ’ ಅನ್ನುತ್ತೇವೆ. ಕಲಾವಿದರು ಸಾ ಹಚ್ಚುವ ಮುಂಚಿನ ತುಣುಕು ಕೊಟ್ಟಿದ್ದರೆ ಅದರಲ್ಲಿ ಆಗಲೇ ತಾನಪುರಾ ಇರುತ್ತದೆ. ಎಡೆಬಿಡದೆ ಒಂದೇ ಸಮನೆ ಬರುವ ತಾನಪುರಾ ತಂತಿಯ ಜವಾರಿಯ ಝೇಂಕಾರ ಆ ಲೆಕ್ಕಕ್ಕೆ ಗದ್ದಲವೇ. ಪೂರಾ ಹಾಡಿನಿಂದ ಅದನ್ನು ಕೆರೆದು ಹಾಕುತ್ತದೆ. ಉಳಿದ ಕಂಠದ ಸುತ್ತ ಒಂಥರಾ ಗುಳುಗುಳು.

ತುಣುಕು ತೆಗೆದುಕೊಳ್ಳುವುದಾದರೆ ಸೂಜಿ ಇಳಿದ ಮೇಲೆ, ತಾನಪುರಾ ಶುರುವಾಗುವ ಮುಂಚಿನ ಖಾಲಿ ಗೆರೆಯಿಂದ ತೆಗೆದುಕೊಳ್ಳಿ. 6 ಡೆಸಿಬಲ್‌ಗಿಂತ ಜಾಸ್ತಿ ಇಳಿಸಬೇಡಿ. ನನ್ನ ಮಟ್ಟಿಗೆ ಹೇಳುವುದಾದರೆ ವಿನೈಲಿಗೆ ಇದನ್ನು ಹಾಕುವುದೇ ಬೇಡ. ಹಿಂದಿನ ಸಣ್ಣ ಸುಯ್ಯನೆ ಸದ್ದಿಗೆ ಕಿವಿ ಎರಡು ನಿಮಿಷದಲ್ಲಿ ಒಗ್ಗಿಕೊಳ್ಳುತ್ತದೆ. ಕಳೆದುಹೋದ ತಾನಪುರಾ ವಾಪಸ್ ಬರುವುದಿಲ್ಲ.

ಚಟ್ ಚಟ್ ತೆಗೆಯುವ ಕ್ಲಿಕ್ ರಿಮೂವಲ್ ಬೇರೆ, ಅದನ್ನು ಹಗುರಾಗಿ ಬಳಸಬಹುದು. ಆದರೆ ಭಜನೆಯ ತಾಳ, ತಬಲಾದ ‘ನಾ’ ಕೂಡ ಗೀರಿನಷ್ಟೇ ಚೂಪು. ಇಡೀ ಬದಿಗೆ ಜೋರಾಗಿ ಹಾಕಿದರೆ ತಾಳದ ತುದಿ ಮೊಂಡಾಗುತ್ತದೆ. ದೊಡ್ಡ ಗೀರುಗಳನ್ನು ಒಂದೊಂದೇ ಹಿಗ್ಗಿಸಿ ನೋಡಿ ಕೈಯಿಂದ ತಿದ್ದಿ. ಹೊತ್ತು ಹಿಡಿಯುತ್ತದೆ, ಏನು ಮಾಡುವುದು.

ಮೊನೊ ರೆಕಾರ್ಡಿಗೆ ಸ್ಟೀರಿಯೊ ಯಾಕ ಬೇಕು?

ಸ್ಟೀರಿಯೊದಲ್ಲೇ ಹಿಡಿಯಿರಿ, ಆಮೇಲೆ ಪ್ರತಿಯಲ್ಲಿ ಎಡ ಬಲ ಕೂಡಿಸಿ ಮೊನೊ ಮಾಡಿ. ಹಾಡು ಎರಡರಲ್ಲೂ ಒಂದೇ, ಹಾಗಾಗಿ ಉಳಿಯುತ್ತದೆ. ಗದ್ದಲ ಎರಡರಲ್ಲೂ ಬೇರೆ ಬೇರೆ, ಅದರ ದೊಡ್ಡ ಪಾಲು ಇಳಿಯುತ್ತದೆ. ಗೆರೆಯ ಒಂದು ಗೋಡೆ ಮಾತ್ರ ಸವೆದಿದ್ದರೆ ಕೂಡಿಸುವ ಬದಲು ಚೆನ್ನಾಗಿರುವ ಬದಿಯನ್ನೇ ಇಟ್ಟುಕೊಳ್ಳಬಹುದು.

## ಡಿಸ್ಕಿಗೆ ಹಾಕುವಾಗ

ಸಿಡಿ, ಡಿವಿಡಿ, ಬ್ಲೂ-ರೇ... ಯಾವುದಕ್ಕ ಹಾಕೂದ್ರಿ?

ಯಾರು, ಯಾವುದರಲ್ಲಿ ಕೇಳುತ್ತಾರೆ ಅನ್ನುವುದನ್ನು ಮೊದಲು ನೋಡಿ.

ಕಾರಿನಲ್ಲಿ, ಹಳೇ ಮ್ಯೂಸಿಕ್ ಸಿಸ್ಟಮಿನಲ್ಲಿ ಕೇಳುವ ಹಿರಿಯರಿಗೆ ಆಡಿಯೋ ಸಿಡಿ. 24/96 ಅದರಲ್ಲಿ ಕೂರುವುದಿಲ್ಲ, 16/44.1ಕ್ಕೆ ಇಳಿಸಲೇಬೇಕು. ಸರಿಯಾಗಿ ಇಳಿಸಿದರೆ ಎಲ್‌ಪಿಯಲ್ಲಿ ಕಿವಿಗೆ ಕೇಳುವುದೆಲ್ಲ ಅದರಲ್ಲಿ ಇರುತ್ತದೆ.

ಇಳಿಸದೆಯೇ ಡಿಸ್ಕಿಗೆ ಹಾಕಬೇಕು, ಸಾಧಾರಣ ಪ್ಲೇಯರಿನಲ್ಲೂ ಓಡಬೇಕು ಅಂದರೆ ಡಿವಿಡಿ-ವಿಡಿಯೋ. ಇದು ಬಹಳ ಮಂದಿಗೆ ಗೊತ್ತಿಲ್ಲ. ಸಿನಿಮಾ ಡಿವಿಡಿಯ ನಿಯಮದಲ್ಲೇ 24 ಬಿಟ್, 96 ಕಿಲೋಹರ್ಟ್ಸ್ ಸ್ಟೀರಿಯೊ ಪಿಸಿಎಂಗೆ (ಹಿಂಡದೆ ಹಾಗೇ ಬರೆದ ದನಿಗೆ) ಜಾಗವಿದೆ. ಪರದೆಯ ಮೇಲೆ ಏನಾದರೂ ಚಿತ್ರ ಇರಬೇಕು, ಅಷ್ಟೇ. ಎಲ್‌ಪಿಯ ಹೊದಿಕೆಯ ಫೋಟೊ ಹಾಕಿ, ಹಾಡು ಮುಗಿಯುವ ತನಕ ಅದೇ ನಿಂತಿರಲಿ. ಹಿಂದಿನ ಬದಿಯ ಬರಹದ ಫೋಟೊ ಹಾಕಿದರೆ ಇನ್ನೂ ಚಂದ, ರಾಗ ಯಾವುದು, ಸಾಥಿಗೆ ಯಾರು ಅಂತ ಓದಿಕೊಳ್ಳಬಹುದು.

192 ಕಿಲೋಹರ್ಟ್ಸ್ ಆದರೆ ಡಿವಿಡಿ-ವಿಡಿಯೋ ಒಪ್ಪುವುದಿಲ್ಲ. ಡಿವಿಡಿ-ಆಡಿಯೋ ಒಪ್ಪುತ್ತದೆ, ಆದರೆ ಅದನ್ನು ಓದುವ ಪ್ಲೇಯರ್ ನಮ್ಮ ಕಡೆ ಸಿಗುವುದೇ ಅಪರೂಪ. ಬ್ಲೂ-ರೇಯಲ್ಲಿ 24/192ಕ್ಕೆ ಜಾಗ ಇದೆ.

ಇನ್ನು ಕಾಪಿಡುವುದಕ್ಕಾದರೆ ಆ ಯಾವ ನಿಯಮವೂ ಬೇಡ. ಫ್ಲ್ಯಾಕ್ ಫೈಲುಗಳನ್ನು ಡೇಟಾ ಡಿಸ್ಕಾಗಿ ಬರೆಯಿರಿ, ಜೊತೆಗೆ ಒಂದು ಹಾರ್ಡ್ ಡಿಸ್ಕಿನಲ್ಲೂ ಇಡಿ.

ಒಂದು ಡಿವಿಡಿಗೆ ಎಷ್ಟು ಎಲ್‌ಪಿ ಹಿಡಿತಾವ?

24/96 ಸ್ಟೀರಿಯೊ ನಿಮಿಷಕ್ಕೆ ಸುಮಾರು 34.6 ಎಂಬಿ. 45 ನಿಮಿಷದ ಎಲ್‌ಪಿಗೆ ಒಂದೂವರೆ ಜಿಬಿ ಆಯಿತು. 4.7 ಜಿಬಿ ಡಿವಿಡಿಯಲ್ಲಿ ಚಿತ್ರ, ಮೆನು ಕಳೆದು ಸುಮಾರು ಎರಡು ಗಂಟೆ. ಎರಡು ಎಲ್‌ಪಿ ಆರಾಮಾಗಿ ಕೂರುತ್ತವೆ. ತಲಾ 40 ನಿಮಿಷದೊಳಗಿನವಾದರೆ ಮೂರು ತುರುಕಬಹುದು. 25 ಜಿಬಿಯ ಬ್ಲೂ-ರೇಗೆ ಇದೇ ಲೆಕ್ಕದಲ್ಲಿ ಸುಮಾರು 12 ಗಂಟೆ. ಆಡಿಯೋ ಸಿಡಿಗೆ 80 ನಿಮಿಷ, ಅಂದರೆ 45 ನಿಮಿಷದ್ದಾದರೆ ಒಂದೇ ಎಲ್‌ಪಿ.

ಡಿವಿಡಿ ಮಾಡಿದೆ. 24/96 ಕೊಟ್ಟಿದ್ದೆ, ಪ್ಲೇಯರ್ ಮ್ಯಾಲ ‘ಡಾಲ್ಬಿ ಡಿಜಿಟಲ್’ ಅಂತ ಬರಾಕತ್ತೈತಿ!

ಹೋಯಿತು ನೋಡಿ. ಡಿವಿಡಿ ಮಾಡುವ ಬಹಳಷ್ಟು ಪ್ರೋಗ್ರಾಮುಗಳು ಸಿನಿಮಾಕ್ಕೆ ಅಂತ ಮಾಡಿದವು. ಜಾಗ ಉಳಿಸಲು ನಿಮ್ಮ ದನಿಯನ್ನು ತಾವಾಗಿಯೇ ಡಾಲ್ಬಿ ಡಿಜಿಟಲ್ ಅಥವಾ ಎಂಪಿ2ಗೆ ಬದಲಿಸುತ್ತವೆ. ಎರಡೂ ಎಂಪಿ3ಯ ಥರದವೇ, ಹೋದದ್ದು ಮತ್ತೆ ಬರುವುದಿಲ್ಲ. ಇಷ್ಟೆಲ್ಲ ತೊಳೆದು, ತೂಗಿ, ಅಳೆದು ಮಾಡಿದ ಕೆಲಸ ಕೊನೆಯ ಒಂದು ಗುಂಡಿಯಲ್ಲಿ ಮುಗಿಯುತ್ತದೆ. ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ.

ಪ್ರೋಗ್ರಾಮಿನ ಆಡಿಯೋ ಸೆಟ್ಟಿಂಗಿನಲ್ಲಿ ‘ಎಲ್‌ಪಿಸಿಎಂ’ (ಮೇಲೆ ಹೇಳಿದ ಪಿಸಿಎಂ ಇದೇ) ಇದೆಯಾ, ಅದರೊಳಗೆ 24 ಮತ್ತು 96 ಎರಡೂ ಇವೆಯಾ ನೋಡಿ. ಕೆಲವು ಎಲ್‌ಪಿಸಿಎಂ ಅಂತ ಬರೆದುಕೊಂಡು 16/48 ಮಾತ್ರ ಕೊಡುತ್ತವೆ. ಎಲ್‌ಪ್ಲೆಕ್ಸ್ ಅನ್ನುವ ಉಚಿತ ಪ್ರೋಗ್ರಾಮ್ ಇದೇ ಕೆಲಸಕ್ಕೆ ಇರುವುದು. ವೇವ್, ಫ್ಲ್ಯಾಕ್ ಫೈಲನ್ನು ಬದಲಿಸದೆ ಡಿವಿಡಿ-ವಿಡಿಯೋ ಒಳಗೆ ಕೂರಿಸುತ್ತದೆ.

ಪ್ಲೇಯರಿನಿಂದ ಆಂಪ್ಲಿಫೈಯರ್‌ಗೆ ಡಿಜಿಟಲ್ ವೈರ್ ಹಾಕೀನಿ. ಅಲ್ಲಿ 48 ತೋರಸತದ.

ಪ್ಲೇಯರಿನ ಆಡಿಯೋ ಮೆನುವಿನಲ್ಲಿ ‘ಪಿಸಿಎಂ ಡೌನ್ ಸ್ಯಾಂಪ್ಲಿಂಗ್’ ಅಂತಲೋ ‘ಎಲ್‌ಪಿಸಿಎಂ 48/96’ ಅಂತಲೋ ಒಂದು ಸಾಲಿರುತ್ತದೆ. ಅದನ್ನು ಆಫ್ ಮಾಡಿ ಅಥವಾ 96 ಆರಿಸಿ. ಆ ಸಾಲೇ ಇಲ್ಲದ ಪ್ಲೇಯರ್ ಆದರೆ ಮಾಡುವುದೇನಿಲ್ಲ.

ಸಿಡಿಗೆ ಇಳಿಸೂದು ಹೆಂಗ? ಸುಮ್ನೆ 16 ಬಿಟ್ ಅಂತ ಉಳಿಸಿದ್ರ ಸಾಕಲ್ವಾ?

ಸಾಕಾಗುವುದಿಲ್ಲ, ಕ್ರಮ ತಪ್ಪಬಾರದು. ಸ್ವಚ್ಛ ಮಾಡುವುದು, ಲೆವೆಲ್ ಏರಿಸುವುದು ಎಲ್ಲ 96ರಲ್ಲೇ ಮುಗಿಯಲಿ. ಲೆವೆಲನ್ನು ಮೈನಸ್ 1ರ ತನಕ ಏರಿಸಿ. ಆಮೇಲೆ 44.1ಕ್ಕೆ ರೀಸ್ಯಾಂಪಲ್. ಎಲ್ಲಕ್ಕಿಂತ ಕೊನೆಗೆ, ಒಂದೇ ಸಲ, ಡಿದರ್ ಹಾಕಿ 16 ಬಿಟ್.

ಡಿದರ್ ಅಂದರೆ ಬೇಕಂತಲೇ ಸೇರಿಸುವ ಅತಿ ಸಣ್ಣ ಗದ್ದಲ. ದನಿ ಕೆಡಬಾರದು ಅಂತ ಹೇಳಿ ಗದ್ದಲ ಸೇರಿಸು ಅಂತೀರಲ್ಲ ಅಂತ ಒಬ್ಬರು ನನ್ನ ಜೊತೆ ಜಗಳವನ್ನೇ ತೆಗೆದಿದ್ದರು. ಕೊನೆಯ 8 ಬಿಟ್ ಸುಮ್ನೆ ಕತ್ತರಿಸಿದರೆ, ಹಾಡು ಸಣ್ಣಗಾಗುತ್ತ ಮುಗಿಯುವ ಜಾಗದಲ್ಲಿ ದನಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಡಿದರ್ ಆ ಒಡಕನ್ನು ಮೆತ್ತನೆಯ ಸುಯ್ಯನೆ ಸದ್ದಾಗಿ ಮಾಡುತ್ತದೆ. ವಿನೈಲಿನ ಗದ್ದಲ ಹೇಗೂ ಅದಕ್ಕಿಂತ ಎಷ್ಟೋ ಮೇಲಿರುತ್ತದೆ, ಹಾಗಾಗಿ ಅದು ಕೇಳುವುದೇ ಇಲ್ಲ.

ವಿಲಂಬಿತ್ ಮುಗದು ದ್ರುತ್ ಶುರು ಆಗೂಮುಂದ ಎರಡು ಸೆಕೆಂಡ್ ಖಾಲಿ. ಸಮ್ ತಪ್ಪಿದಂಗ ಆಗತದ.

ಬರೆಯುವ ಪ್ರೋಗ್ರಾಮ್ ಪ್ರತಿ ಟ್ರ್ಯಾಕ್ ನಡುವೆ ಎರಡು ಸೆಕೆಂಡ್ ಬಿಟ್ಟಿದೆ. ‘ಡಿಸ್ಕ್ ಅಟ್ ಒನ್ಸ್’ ಆರಿಸಿ, ಅಂತರ ಸೊನ್ನೆ ಮಾಡಿ. ಆಮೇಲೂ ಸಣ್ಣ ‘ಟಿಕ್’ ಕೇಳಿದರೆ ಕಾರಣ ಬೇರೆ. ಸಿಡಿ ಒಂದು ಸೆಕೆಂಡನ್ನು 75 ಚೌಕವಾಗಿ ಕತ್ತರಿಸುತ್ತದೆ, ಒಂದರಲ್ಲಿ 588 ಸ್ಯಾಂಪಲ್, ಅಂದರೆ 588 ಅಳತೆ. ಟ್ರ್ಯಾಕ್ ಚೌಕದ ನಡುವೆ ಮುಗಿದರೆ ಉಳಿದ ಜಾಗವನ್ನು ಸೊನ್ನೆಯಿಂದ ತುಂಬುತ್ತದೆ. ಆಡಾಸಿಟಿಯಲ್ಲಿ ಸ್ನ್ಯಾಪ್ ಆನ್ ಮಾಡಿ ‘ಸಿಡಿ ಫ್ರೇಮ್’ ಆರಿಸಿ ಕತ್ತರಿಸಿದರೆ ಈ ತೊಂದರೆಯಿಲ್ಲ.

ಡಿಸ್ಕ್ ಎಷ್ಟು ವರ್ಷ ಬಾಳತದ?

ಇಂತಿಷ್ಟೇ ಅಂತ ಹೇಳಲಾಗದು. ಒಳ್ಳೆ ಕಂಪನಿಯ ಖಾಲಿ ಡಿಸ್ಕ್ ತನ್ನಿ, ಮತ್ತೆ ಮತ್ತೆ ಬರೆಯುವ ಆರ್‌ಡಬ್ಲ್ಯೂ ಬೇಡ. ಅತಿ ವೇಗದಲ್ಲೂ ಬರೆಯಬೇಡಿ, ಡಿವಿಡಿಗೆ 4ರಿಂದ 8 ಎಕ್ಸ್ ಸಾಕು. ‘ವೆರಿಫೈ’ (ಬರೆದದ್ದನ್ನು ಓದಿ ಸರಿನೋಡುವುದು) ಬಿಡಬೇಡಿ. ಕಾಗದದ ಲೇಬಲ್ ಅಂಟಿಸಿದರೆ ತೂಕ ಒಂದು ಕಡೆ ವಾಲುತ್ತದೆ. ಡಿಸ್ಕಿಗೆ ಅಂತಲೇ ಬರುವ ಪೆನ್ನಿನಲ್ಲಿ ಬರೆಯಿರಿ. ಬರೆಯುವ ಸಿಡಿ, ಡಿವಿಡಿಗಳೊಳಗೆ ಇರುವುದು ಬಣ್ಣದ ಪದರ, ಬಿಸಿಲು ಅದರ ಶತ್ರು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಡಿಸ್ಕಿನ ಬಗ್ಗೆ ನನ್ನನ್ನು ಕೇಳಬೇಡಿ.

ಇವನ್ನ ಕಾಪಿ ಮಾಡಿ ಬೀಗರಿಗೆಲ್ಲಾ ಹಂಚಬಹುದೇನ್ರಿ?

ಸ್ವಂತಕ್ಕೆ ಕೇಳಲು ಮಾಡಿಕೊಳ್ಳುವುದಕ್ಕೆ ಕಾನೂನಿನಲ್ಲಿ ಜಾಗ ಇದೆ. ಹಂಚುವುದು, ಮಾರುವುದು ಬೇರೆ ಮಾತು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು, ಅದು ಹೊರಬಂದ ವರ್ಷ ಮುಗಿದ ಮೇಲೆ 60 ವರ್ಷ. 1960ರ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿಯಿತು. ಆದರೆ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಅವರು ತೀರಿದ ಮೇಲೂ 60 ವರ್ಷ ಇರುತ್ತದೆ. ಎರಡನ್ನೂ ನೋಡಬೇಕು.

## ಇನ್ನೂ ಆಳಕ್ಕೆ

ಒಬ್ಬರು 24/96 ಅಂತ ಫೈಲ್ ಕೊಟ್ಟಾರ. ಖರೇನ 24/96 ಹೌದೋ ಅಲ್ಲೋ?

ಆಡಾಸಿಟಿಯಲ್ಲಿ ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಬದಲಿಸಿ, ಅದರಲ್ಲಿ ಕಂಪನ ಹೆಚ್ಚಿದಷ್ಟೂ ಮೇಲೆ ಕಾಣುತ್ತದೆ. ಖರೇನೇ 96ರಲ್ಲಿ ಹಿಡಿದಿದ್ದರೆ ಗೀರು ಬಂದ ಜಾಗದಲ್ಲಿ ಕಡ್ಡಿ ನಿಲ್ಲಿಸಿದಂತೆ ಗೆರೆಗಳು 22 ಕಿಲೋಹರ್ಟ್ಸ್ ದಾಟಿ ಮೇಲೆ ಹೋಗಿರುತ್ತವೆ. 22ರಲ್ಲೋ 24ರಲ್ಲೋ ಚಾಕುವಿನಿಂದ ಕೊಯ್ದಂತೆ ಎಲ್ಲ ನಿಂತು ಮೇಲೆ ಪೂರಾ ಕಪ್ಪಿದ್ದರೆ ಅದು 44.1 ಅಥವಾ 48ರಿಂದ ಹಿಗ್ಗಿಸಿದ್ದು. 16ರ ಹತ್ತಿರ ನಿಂತಿದ್ದರೆ ಎಂಪಿ3 ಕಾಲದ ಯಾವುದೋ ಪ್ರತಿ.

78ರ ತಟ್ಟಿಗೂ ಅದೇ ಪ್ರೀಆಂಪ್ ನಡಿತದೇನು? ನಮ್ಮ ಟರ್ನ್‌ಟೇಬಲ್ಲಿಗೆ 78 ಇಲ್ಲ.

ಪ್ರೀಆಂಪ್ ಆರ್‌ಐಎಎ ಲೆಕ್ಕದಲ್ಲಿ ತಿದ್ದುತ್ತದೆ, 1954ಕ್ಕೂ ಮುಂಚಿನ 78ರ ತಟ್ಟೆಗಳ ಕಾಲಕ್ಕೆ ಆ ಲೆಕ್ಕವೇ ಇರಲಿಲ್ಲ. ಒಂದೊಂದು ಕಂಪನಿಯದು ಒಂದೊಂದು ಅಳತೆ. 1925ರ ಸುಮಾರಿಗೆ ವಿದ್ಯುತ್ ಮೈಕ್ ಬರುವ ಮುಂಚಿನ ತಟ್ಟೆಗಳಿಗಂತೂ ಕೊಂಬಿನೊಳಗೆ ಹಾಡಿದ್ದೇ ಅಳತೆ. ಹಿಡಿದ ಮೇಲೆ ಆಡಾಸಿಟಿಯ ಫಿಲ್ಟರ್ ಕರ್ವ್‌ನಲ್ಲಿ ಆರ್‌ಐಎಎಯನ್ನು ತಿರುಗಿಸಿ ತೆಗೆದು, ಹಳೇ ಕಂಪನಿಗಳ ಕರ್ವ್ ಹಾಕಿ ಕೇಳಿ ನೋಡಿ. ಯಾವುದರಲ್ಲಿ ಕಂಠ ಎದೆಯಿಂದ ಬಂದಂತೆ ಕೇಳುತ್ತದೋ ಅದು.

45ರಲ್ಲಿ ಓಡಿಸಿ ಹಿಡಿದು, ಆಮೇಲೆ ವೇಗವನ್ನು 73.3 ಪ್ರತಿಶತ ಏರಿಸಬಹುದು. ಸೂಜಿ ಮಾತ್ರ 78ರದ್ದೇ ಇರಲಿ. ಆರ್‌ಐಎಎ ತೆಗೆಯುವುದನ್ನು ವೇಗ ಏರಿಸುವ ಮುಂಚೆಯೇ ಮಾಡಿ. ಆಮೇಲೆ ಮಾಡಿದರೆ ಪ್ರೀಆಂಪ್ ತಿದ್ದಿದ ಜಾಗ ಒಂದು, ನೀವು ತೆಗೆಯುವ ಜಾಗ ಇನ್ನೊಂದು ಆಗುತ್ತದೆ.

ಡಿಸ್ಕಿನ್ಯಾಗ ಇರೂದು ನಮ್ಮ ಮೂಲ ಫೈಲಿನಷ್ಟ ಐತಿ ಅಂತ ಸಾಬೀತು ಮಾಡೂದು ಹೆಂಗ?

ಡಿಸ್ಕಿನಿಂದ ದನಿ ವಾಪಸ್ ತೆಗೆದು, ಡಿಸ್ಕಿಗೆ ಕೊಟ್ಟ ಫೈಲಿನಿಂದ ಅದನ್ನು ಕಳೆದು ನೋಡಿ. ಡಿವಿಡಿಯಾದರೆ ಎಫ್‌ಎಫ್‌ಎಂಪೆಗ್‌ನಂಥ ಸಾಧನದಿಂದ ಪಿಸಿಎಂ ಹೊರತೆಗೆಯಿರಿ. ಆಡಾಸಿಟಿಯಲ್ಲಿ ಒಂದು ಟ್ರ್ಯಾಕಿನಲ್ಲಿ ಅದು, ಇನ್ನೊಂದರಲ್ಲಿ ಡಿಸ್ಕಿಗೆ ಕೊಟ್ಟ 24 ಬಿಟ್ ಫೈಲು. ಪೂರಾ ಹಿಗ್ಗಿಸಿ, ಒಂದೇ ಗೀರಿನ ತುದಿ ಹಿಡಿದು ಎರಡನ್ನೂ ಸ್ಯಾಂಪಲ್‌ಗೆ ಸ್ಯಾಂಪಲ್ ಜೋಡಿಸಿ. ಒಂದಕ್ಕೆ ‘ಇನ್ವರ್ಟ್’ (ದನಿಯ ಅಲೆಯನ್ನು ತಲೆಕೆಳಗು ಮಾಡುವುದು) ಹಾಕಿ, ಎರಡನ್ನೂ ಕೂಡಿಸಿ. ಬಂದದ್ದನ್ನು ಎಷ್ಟು ಏರಿಸಿದರೂ ಏನೂ ಕೇಳಬಾರದು, ಸಪಾಟು ಸೊನ್ನೆ. ಹಾಡು ಸಣ್ಣಗೆ ಕೇಳಿದರೆ ಲೆವೆಲ್ ಬದಲಾಗಿದೆ ಅಥವಾ ಜೋಡಣೆ ಒಂದು ಸ್ಯಾಂಪಲ್ ತಪ್ಪಿದೆ. ಗುಳುಗುಳು ಅಂದರೆ ಎಲ್ಲೋ ಡಾಲ್ಬಿ ನುಸುಳಿದೆ.

ಸಿಡಿಯನ್ನು ಹೀಗೆ ನೋಡುವಾಗ 96ರ ಮೂಲದ ಜೊತೆ ಹೋಲಿಸಬೇಡಿ. ಸಿಡಿಗೆ ಕೊಟ್ಟ 16/44.1 ಫೈಲಿನ ಜೊತೆ ಹೋಲಿಸಿ. ಸಿಡಿ ಡ್ರೈವ್‌ಗಳು ಓದುವಾಗ ಕೆಲವು ಸ್ಯಾಂಪಲ್ ಹಿಂದೆಮುಂದೆ ಸರಿಯುವುದು ಮಾಮೂಲು. ಎಷ್ಟು ಸರಿದಿದೆ ಅಂತ ಒಂದು ಸಲ ಅಳೆದು ಬರೆದಿಟ್ಟುಕೊಳ್ಳಿ, ಅದೇ ಡ್ರೈವಿನಲ್ಲಿ ಪ್ರತಿ ಸಲ ಅಷ್ಟೇ ಇರುತ್ತದೆ.